ಫ್ರಾನ್ಸಿನ ವೈನ್ ಸೀಮೆಯಲ್ಲಿ ನದಿ ಪಯಣ: ನೀವು ಕೇಳಿದ್ದು, ನಾವು ಹೇಳಿದ್ದು

ಹೋದ ಸಂಚಿಕೆಯಲ್ಲಿ ಫ್ರಾನ್ಸಿನ ರಿವರ್ ಕ್ರೂಸ್ ಬಗ್ಗೆ ನಾಲ್ಕು ಸಾಲು ಬರೆದಿದ್ವಿ, ಅದಕ್ಕೆ ಪ್ರಶ್ನೆಗಳು ತುಂಬಾ ಬಂದಿವೆ. ಒಂದೇ ಥರದ್ದನ್ನ ಸೇರಿಸಿ ಉತ್ತರ ಕೊಡ್ತಿದೀವಿ.

ಪ್ರಶ್ನೆ: ಒಬ್ಬ ಏಜೆಂಟ್ ಲಿಯೋನ್‌ನಿಂದ ಹೊರಡೋ ರೋನ್ ನದಿ ಟ್ರಿಪ್ ತಗೊಳ್ಳಿ ಅಂತಾರೆ, ಇನ್ನೊಬ್ರು ಬೋರ್ಡೋನೇ ಚೆನ್ನಾಗಿರತ್ತೆ ಅಂತಾರೆ. ನಮಗೆ ಇದೇ ಮೊದಲ ಸಲ. ಯಾವ್ದು ಆರಿಸ್ಕೊಳ್ಳೋದು?

ಮೊದಲ ಸಲ ಅಂದ್ರೆ ರೋನ್. ಯಾಕೆ ಅಂತ ಹೇಳ್ತೀನಿ. ಬೋರ್ಡೋ ಟ್ರಿಪ್‌ನಲ್ಲಿ ಹಡಗು ಗರೋನ್, ದೋರ್ದೋನ್ ಅನ್ನೋ ಎರಡು ನದಿ ಮತ್ತೆ ಅವೆರಡೂ ಸೇರಿ ಆಗೋ ಜಿರೋಂದ್ ಅಳಿವೆಯಲ್ಲಿ ಸುತ್ತಾಡಿ ಸಾಮಾನ್ಯವಾಗಿ ಅದೇ ಊರಿಗೆ ವಾಪಸ್ ಬರತ್ತೆ, ಸಮುದ್ರ ಹತ್ರ ಇರೋದ್ರಿಂದ ಉಬ್ಬರ ಇಳಿತ ನೋಡ್ಕೊಂಡೇ ಹೊರಡೋದು ನಿಲ್ಲೋದು. ಅಲ್ಲಿ ವೈನೇ ಮುಖ್ಯ. ಎಡದಂಡೆಯಲ್ಲಿ ಜಲ್ಲಿಕಲ್ಲಿನ ನೆಲ, ಅಲ್ಲಿ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿ ಜಾಸ್ತಿ, ಬಲದಂಡೆಯಲ್ಲಿ ಜೇಡಿ ಮತ್ತೆ ಸುಣ್ಣಕಲ್ಲು, ಅಲ್ಲಿ ಮೆರ್ಲೋ ಜಾಸ್ತಿ, ಹೀಗೆ ದಂಡೆ ಬದಲಾದ್ರೆ ಕುಡಿಯೋದೇ ಬದಲಾಗತ್ತೆ, ಅದನ್ನ ಹಿಡಿಯೋ ಆಸಕ್ತಿ ಇದ್ದವರಿಗೆ ಅದು ಸ್ವರ್ಗ. ಊರುಗಳಲ್ಲಿ ಸೇಂತ್ ಎಮಿಲಿಯೋನ್ ಬಿಡಬಾರದು, ಅಲ್ಲಿ ಇಡೀ ಚರ್ಚನ್ನ ಸುಣ್ಣಕಲ್ಲಿನ ಬಂಡೆ ಒಳಗೇ ಕೊರೆದಿದಾರೆ.

ರೋನ್ ಹಾಗಲ್ಲ. ಅದು ಉತ್ತರದಿಂದ ದಕ್ಷಿಣಕ್ಕೆ ನೇರ ಪಯಣ, ಹೆಚ್ಚು ಕಮ್ಮಿ ದಿನಕ್ಕೊಂದು ಹೊಸ ಊರು. ಲಿಯೋನ್ ಆದ್ಮೇಲೆ ವಿಯೆನ್, ಅಲ್ಲಿ ಊರಿನ ನಡುವೆ ರೋಮನ್ನರ ದೇವಸ್ಥಾನ ಇನ್ನೂ ನಿಂತಿದೆ, ಆಮೇಲೆ ತೂರ್ನೋನ್, ವಿವಿಯೇ, ಅವಿನ್ಯೋನ್, ಕೊನೆಗೆ ಆರ್ಲ್. ಕೆಲವು ಟ್ರಿಪ್‌ಗಳು ಮೇಲಿನ ಸೋನ್ ನದಿಯಲ್ಲಿ ಶಾಲೋನ್ ಊರಿಂದ ಶುರುವಾಗ್ತವೆ, ಅಂಥದ್ದು ಸಿಕ್ಕರೆ ಅದನ್ನೇ ಹಿಡೀರಿ. ಸೋನ್ ಅಷ್ಟು ನಿಧಾನದ ನದಿ, ಯಾವ ಕಡೆ ಹರೀತಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ ಅಂತ ಜೂಲಿಯಸ್ ಸೀಸರೇ ಬರೆದಿಟ್ಟಿದಾನೆ. ರೋನ್ ಸ್ವಿಟ್ಜರ್ಲೆಂಡಿನ ಹಿಮನದಿಯಿಂದ ಇಳಿದು ಬರೋದು, ಅದಕ್ಕೆ ರಭಸ. ಇವೆರಡೂ ಲಿಯೋನ್‌ನಲ್ಲಿ ಸೇರ್ತವೆ, ಆ ಜಾಗ ದಾಟೋವಾಗ ಊಟದ ಹಾಲ್‌ನಲ್ಲಿ ಕೂತಿರಬೇಡಿ, ದಯವಿಟ್ಟು ಮೇಲೆ ಡೆಕ್‌ಗೆ ಹೋಗಿ.

ಪ್ರಶ್ನೆ: ನಮ್ಮನೇಲಿ ಯಾರೂ ವೈನ್ ಮುಟ್ಟಲ್ಲ. ಹಳೇ ಊರು, ನದಿ ಇಷ್ಟ ಅಂತ ಹೋಗೋ ಆಸೆ. ವೈನ್ ಸೀಮೆಗೆ ಹೋಗಿ ನಾವೇನು ಮಾಡೋದು, ದುಡ್ಡು ದಂಡ ಅಲ್ವಾ?

ಖಂಡಿತ ದಂಡ ಅಲ್ಲ. ಈ ಪ್ರಶ್ನೆ ಬಂದಿದ್ದಕ್ಕೆ ನಂಗೆ ತುಂಬಾ ಖುಷಿಯಾಯ್ತು, ಯಾಕಂದ್ರೆ ವೈನ್ ಸೀಮೆ ಅಂದ್ರೆ ಬರೀ ಕುಡಿಯೋ ಜಾಗ ಅಂತ ಬ್ರೋಷರ್‌ಗಳೇ ಜನರ ತಲೆಗೆ ತುಂಬಿಬಿಟ್ಟಿವೆ. ನನ್ನ ಮಟ್ಟಿಗೆ ಅದು ಮೊದಲು ಬೇಸಾಯದ ಸೀಮೆ. ಮಣ್ಣು, ಕಲ್ಲು, ಗಾಳಿ, ಬಿಸಿಲು, ಇವು ನಾಲ್ಕನ್ನ ಎರಡು ಸಾವಿರ ವರ್ಷದಿಂದ ಓದ್ಕೊಂಡು ಬಂದಿರೋ ರೈತರ ಕೆಲಸ ನೋಡೋಕೆ ಗ್ಲಾಸ್ ಕೈಲಿ ಇರಲೇಬೇಕು ಅಂತೇನಿಲ್ಲ.

ತೂರ್ನೋನ್‌ನಲ್ಲಿ ಇಳಿದಾಗ ನದಿ ಆಚೆ ದಡದಲ್ಲಿ ತೇನ್ ಲೆರ್ಮಿತಾಜ್ ಅನ್ನೋ ಊರು, ಅದರ ಬೆನ್ನಿಗೆ ಎರ್ಮಿತಾಜ್ ಗುಡ್ಡ. ಗುಡ್ಡ ದಕ್ಷಿಣಕ್ಕೆ ಮುಖ ಮಾಡಿದೆ, ಹಾಗಾಗಿ ದಿನವಿಡೀ ಬಿಸಿಲು, ಇಳಿಜಾರು ಎಷ್ಟು ಕಡಿದು ಅಂದ್ರೆ ಮಣ್ಣು ಜಾರದೆ ಇರೋಕೆ ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದಾರೆ, ಕೊಯ್ಲೆಲ್ಲ ಕೈಯಲ್ಲೇ. ಎರಡೂ ಊರಿಗೆ ನಡುವೆ ಮಾರ್ಕ್ ಸೆಗಾನ್ ಅನ್ನೋ ಎಂಜಿನಿಯರ್ ಹೆಸರಿನ ತೂಗುಸೇತುವೆ ಇದೆ, 1847ರದ್ದು, ಈಗ ನಡೆಯೋರಿಗೆ ಮತ್ತೆ ಸೈಕಲ್‌ನವರಿಗೆ. ಆ ಸೇತುವೆ ದಾಟಿ ಆಚೆ ಹೋದ್ರೆ ವಾಲ್ರೋನಾ ಕಂಪನಿಯವರ ಚಾಕೊಲೇಟ್ ಮ್ಯೂಸಿಯಂ ಸಿಗತ್ತೆ, ಈ ಕಂಪನಿ 1922ರಿಂದ ಇದೇ ಊರಿಂದು. ಉಳಿದವರು ಟೇಸ್ಟಿಂಗ್‌ಗೆ ಹೋದಾಗ ನೀವು ಅಲ್ಲಿಗೆ ಹೋಗಿ.

ಇನ್ನೂ ದಕ್ಷಿಣಕ್ಕೆ, ಶಾತೋನೆಫ್ ದ್ಯು ಪಾಪ್ ಅನ್ನೋ ಊರಿನ ಹತ್ರ ನೆಲ ನೋಡಿದ್ರೆ ಇಲ್ಲಿ ಗಿಡ ಹೇಗೆ ಬೆಳೀತು ಅಂತ ಆಶ್ಚರ್ಯ ಆಗತ್ತೆ, ಮಣ್ಣೇ ಕಾಣಲ್ಲ, ಎಲ್ಲಾ ಕಡೆ ಮುಷ್ಟಿ ಗಾತ್ರದ ಅದಕ್ಕಿಂತ ದೊಡ್ಡ ನುಣುಪಾದ ಗುಂಡುಕಲ್ಲು. ಇವು ಹಿಂದೆ ರೋನ್ ನದಿಯೇ ಉರುಳಿಸ್ಕೊಂಡು ತಂದು ಬಿಟ್ಟು ಹೋದವು. ಹಗಲೆಲ್ಲ ಬಿಸಿಲು ಹೀರ್ಕೊಂಡು ರಾತ್ರಿ ಶಾಖ ಬಿಡ್ತವೆ, ಕೆಳಗಿನ ಜೇಡಿಮಣ್ಣಿನ ತೇವ ಆರದ ಹಾಗೆ ಕಾಯ್ತವೆ. ಅಂದ್ರೆ ನೀವು ಯಾವ ನದಿ ಮೇಲೆ ಬಂದ್ರೋ ಅದೇ ನದಿ ಈ ತೋಟಗಳಿಗೆ ನೆಲ ಹಾಸಿಕೊಟ್ಟಿದೆ. ಅಷ್ಟೇ ಅಲ್ಲ, ಪೀಪಾಯಿ ಸಾಗಿಸಿದ್ದೂ ಇದೇ ನದಿ. ಎದುರು ದಡದ ರೋಕ್‌ಮೋರ್ ಆ ಕಾಲಕ್ಕೆ ದೊಡ್ಡ ಬಂದರು, ಬೇರೆ ಕಡೆಯ ವೈನನ್ನ ಇದೇ ಊರಿಂದು ಅಂತ ಮಾರೋದನ್ನ ತಡೆಯೋಕೆ 1737ರಲ್ಲಿ ರಾಜಾಜ್ಞೆ ಆಗಿ ಪ್ರತಿ ಪೀಪಾಯಿ ಮೇಲೆ ಸಿ ಡಿ ಆರ್ ಅಂತ ಕಾಯಿಸಿದ ಕಬ್ಬಿಣದಲ್ಲಿ ಮುದ್ರೆ ಒತ್ತೋಕೆ ಶುರು ಮಾಡಿದ್ರು. ಈಗ ಅಂಗಡಿಯಲ್ಲಿ ಕಾಣೋ ಕೋತ್ ದ್ಯು ರೋನ್ (Côtes du Rhône) ಅನ್ನೋ ವೈನ್ ಹೆಸರಿನ ಹಿಂದೆ ಇದೇ ಮುದ್ರೆ ಇದೆ.

ಇದೇ ದಂಡೆಯಲ್ಲೇ ದೊಡ್ಡ ದುರಂತವೂ ಶುರುವಾಗಿದ್ದು. 1860ರ ದಶಕದಲ್ಲಿ ಫಿಲೋಕ್ಸೆರಾ ಅನ್ನೋ ಸಣ್ಣ ಕೀಟ ಅಮೆರಿಕದಿಂದ ಬಂದು ಬೇರು ಹೀರಿ ಮೊದಲು ಇಲ್ಲಿನ ತೋಟ, ಆಮೇಲೆ ಹೆಚ್ಚು ಕಮ್ಮಿ ಇಡೀ ಫ್ರಾನ್ಸಿನ ತೋಟಗಳನ್ನ ಒಣಗಿಸಿಬಿಡ್ತು. ಕೊನೆಗೆ ಉಳಿಸಿದ್ದೂ ಅಮೆರಿಕದ ಬೇರೇ, ಆ ಬೇರಿಗೆ ಕೀಟ ಏನೂ ಮಾಡಲ್ಲ ಅಂತ ಗೊತ್ತಾಗಿ ಅದರ ಮೇಲೆ ಫ್ರೆಂಚ್ ತಳಿ ಕಸಿ ಕಟ್ಟಿದ್ರು. ನೀವು ತೋಟಕ್ಕೆ ಹೋದಾಗ ಗಿಡದ ಬುಡದಲ್ಲಿ ಗಂಟಿನ ಹಾಗೆ ಕಾಣತ್ತಲ್ಲ ಕಸಿ ಕಟ್ಟಿದ ಜಾಗ, ಅದನ್ನ ತೋರಿಸಿ ಅಂತ ಗೈಡ್‌ನ ಕೇಳಿ, ಟೇಸ್ಟಿಂಗ್ ರೂಮ್‌ನಲ್ಲಿ ಯಾರೂ ಅದನ್ನ ತಾವಾಗೇ ಹೇಳಲ್ಲ.

ಟೇಸ್ಟಿಂಗ್‌ಗೆ ಕೂತರೂ ಸಂಕೋಚ ಬೇಡ. ಬಣ್ಣ ನೋಡಿ, ವಾಸನೆ ನೋಡಿ ಗ್ಲಾಸ್ ಕೆಳಗಿಡಬಹುದು. ಉಗಿಯೋಕೆ ಅಂತಾನೇ ಪಾತ್ರೆ ಇಟ್ಟಿರ್ತಾರೆ, ವೃತ್ತಿಯವರೇ ಉಗೀತಾರೆ, ಅದು ಅವಮರ್ಯಾದೆ ಅಲ್ಲ. ಎಷ್ಟೋ ತೋಟಗಳಲ್ಲಿ ದ್ರಾಕ್ಷಿ ರಸವೂ ಇರತ್ತೆ, ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಯಾವ ತಿಂಗಳು ಹೋಗ್ಬೇಕು? ಬೇಸಿಗೆಯಲ್ಲಿ ಲ್ಯಾವೆಂಡರ್ ನೋಡ್ಬೇಕು ಅಂತ ಮಗಳ ಹಠ.

ಮಗಳ ಮಾತು ಕೇಳೋದಾದ್ರೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ, ಆಮೇಲೆ ಕಟಾವು ಶುರುವಾಗಿಬಿಡತ್ತೆ. ಆದ್ರೆ ಜುಲೈನಲ್ಲಿ ಬಿಸಿಲು ಜೋರು, ಅವಿನ್ಯೋನ್‌ನಲ್ಲಿ 1947ರಲ್ಲಿ ಶುರುವಾದ ನಾಟಕೋತ್ಸವವೂ ಅದೇ ತಿಂಗಳು, ಊರು ತುಂಬಿ ತುಳುಕ್ತಿರತ್ತೆ. ನಾಟಕದ ಹುಚ್ಚಿದ್ದವರಿಗೆ ಅದೇ ಹಬ್ಬ. ನನ್ನ ಆಯ್ಕೆ ಸೆಪ್ಟೆಂಬರ್, ದ್ರಾಕ್ಷಿ ಕೊಯ್ಲು ನಡೀತಿರತ್ತೆ, ತೋಟದಲ್ಲಿ ಜನ ಇರ್ತಾರೆ, ಟ್ರ್ಯಾಕ್ಟರ್ ಓಡಾಡ್ತಿರತ್ತೆ, ಊರೂರಲ್ಲಿ ರಸ ಹುಳಿಯೋ ವಾಸನೆ. ಕೊಯ್ಲಿನ ಸಮಯದಲ್ಲಿ ಕೆಲವು ಸಣ್ಣ ತೋಟದವರಿಗೆ ಪುರುಸೊತ್ತಿಲ್ಲದೆ ಒಳಗೆ ಬಿಡಲ್ಲ, ಅದೊಂದು ಸಹಿಸ್ಕೋಬೇಕು.

ಮಿಸ್ಟ್ರಾಲ್ ಅನ್ನೋ ಗಾಳಿ ಬಗ್ಗೆ ಯಾರೂ ಹೇಳಲ್ಲ ನೋಡಿ. ಉತ್ತರದಿಂದ ಕಣಿವೆ ಉದ್ದಕ್ಕೂ ನುಗ್ಗೋ ಒಣ ತಣ್ಣನೆ ಗಾಳಿ, ಚಳಿಗಾಲ ಮತ್ತೆ ವಸಂತದಲ್ಲಿ ಜಾಸ್ತಿ. ಬಿಸಿಲಿದ್ರೂ ಡೆಕ್ ಮೇಲೆ ನಿಲ್ಲೋಕಾಗಲ್ಲ, ಹಾಗಾಗಿ ಏಪ್ರಿಲ್‌ನಲ್ಲಿ ಹೋಗೋರು ಗಾಳಿ ತಡೆಯೋ ಜಾಕೆಟ್ ಮರೀಬೇಡಿ. ಅಲ್ಲಿನ ರೈತರು ಅದನ್ನ ಬೈದ್ಕೊಂಡೇ ಹೊಗಳ್ತಾರೆ, ಎಲೆ ಬೇಗ ಒಣಗಿಸಿ ಬೂಷ್ಟು ರೋಗ ಬರದ ಹಾಗೆ ನೋಡ್ಕೊಳ್ಳೋದು ಇದೇ ಗಾಳಿ.

ಪ್ರಶ್ನೆ: ಕೆಳಗಿನ ಡೆಕ್ ಕ್ಯಾಬಿನ್ ತುಂಬಾ ಚೀಪ್ ಇದೆ. ತಗೋಬಹುದಾ? ಹಡಗು ಅಲ್ಲಾಡತ್ತಾ?

ನದಿ ಹಡಗು ಅಲ್ಲಾಡೋದು ಇಲ್ಲ ಅನ್ನೋ ಅಷ್ಟು ಕಮ್ಮಿ. ಕೆಳ ಡೆಕ್‌ನಲ್ಲಿ ಕಿಟಕಿ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಸಣ್ಣದಾಗಿರತ್ತೆ, ತೆಗೆಯೋಕಾಗಲ್ಲ. ಮಲಗೋಕೆ ಮಾತ್ರ ಕ್ಯಾಬಿನ್ ಸಾಕು, ಹಗಲೆಲ್ಲ ಮೇಲೇ ಇರ್ತೀವಿ ಅನ್ನೋರು ಕಣ್ಮುಚ್ಚಿ ತಗೊಳ್ಳಿ, ಆ ದುಡ್ಡಲ್ಲಿ ಲಿಯೋನ್‌ನಲ್ಲಿ ಇನ್ನೆರಡು ದಿನ ಇರಬಹುದು. ಫ್ರೆಂಚ್ ಬಾಲ್ಕನಿ ಅಂತ ಬರೆದಿದ್ರೆ ಅದು ಹೊರಗೆ ಕೂರೋ ಬಾಲ್ಕನಿ ಅಲ್ಲ, ಬಾಗಿಲು ತೆಗೆದ್ರೆ ಕಂಬಿ ಅಷ್ಟೇ. ಇನ್ನೊಂದು, ದಡದಲ್ಲಿ ಜಾಗ ಸಾಲದೆ ಹಡಗುಗಳನ್ನ ಒಂದರ ಪಕ್ಕ ಒಂದು ಕಟ್ತಾರೆ, ಆಗ ಎಷ್ಟೇ ದುಬಾರಿ ಕ್ಯಾಬಿನ್ ಆದ್ರೂ ಕಿಟಕಿ ಎದುರಿಗೆ ಪಕ್ಕದ ಹಡಗಿನವರ ಕಿಟಕಿ, ಪರದೆ ಎಳೆದೇ ಮಲಗಿ.

ಜೋರು ಮಳೆಯಾಗಿ ನೀರು ಏರಿದ್ರೆ ಹಡಗು ಸೇತುವೆ ಕೆಳಗೆ ಹೋಗೋಕಾಗದೆ ನಿಂತುಬಿಡತ್ತೆ, ಆಗ ಬಸ್‌ನಲ್ಲಿ ಕರ್ಕೊಂಡು ಹೋಗ್ತಾರೆ. ಬುಕ್ ಮಾಡೋವಾಗಲೇ ಆ ಷರತ್ತು ಓದ್ಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ಕರ್ಕೊಂಡು ಹೋಗಬಹುದಾ?

ಹೋಗಿ. ಪೆಟ್ಟಿಗೆ ಒಂದೇ ಸಲ ಬಿಚ್ಚಿದ್ರೆ ಆಯ್ತು, ದಿನಾ ಹೋಟೆಲ್ ಬದಲಿಸೋ ಗೋಳಿಲ್ಲ, ಊರು ಹಡಗಿನ ಬಾಗಿಲಿಗೇ ಬರತ್ತೆ, ವಯಸ್ಸಾದವರಿಗೆ ಇದಕ್ಕಿಂತ ಒಳ್ಳೇ ಪ್ರವಾಸ ನಂಗೆ ಗೊತ್ತಿಲ್ಲ. ಹಳೇ ಬೀದಿಗಳೆಲ್ಲ ಉಬ್ಬುತಗ್ಗಿನ ಕಲ್ಲುಹಾಸು ಅನ್ನೋದೇ ತೊಂದರೆ. ವಿವಿಯೇ ಊರಲ್ಲಿ ಕತೀಡ್ರಲ್ ಬೆಟ್ಟದ ಮೇಲಿದೆ, ಅಮ್ಮ ಕೆಳಗೆ ಮರದ ಸಾಲಿನ ನೆರಳಲ್ಲಿ ಕೂತಿರಲಿ, ನೀವು ಹತ್ತಿ ಬನ್ನಿ. ಲಿಯೋನ್‌ನಲ್ಲಿ ಫೂರ್ವಿಯೇರ್ ಗುಡ್ಡಕ್ಕೆ ಹಳಿ ಮೇಲೆ ಎಳ್ಕೊಂಡು ಹೋಗೋ ಫ್ಯುನಿಕ್ಯುಲರ್ ಇದೆ, ಅದರಲ್ಲಿ ಹೋಗಿ, ಪಕ್ಕದಲ್ಲೇ ರೋಮನ್ ರಂಗಮಂದಿರ. ಅವಿನ್ಯೋನ್‌ನ ಪೋಪ್ ಅರಮನೆಯಲ್ಲಿ ಮೆಟ್ಟಿಲು ವಿಪರೀತ, ಅಮ್ಮನಿಗೆ ಹೊರಗಿನ ಚೌಕದಿಂದ ತೋರಿಸಿದ್ರೂ ಸಾಕು.

ಪ್ರಶ್ನೆ: ಪೋಪ್ ಅಂದ್ರೆ ರೋಮ್ ಅಲ್ವಾ, ಅವಿನ್ಯೋನ್‌ನಲ್ಲಿ ಪೋಪ್ ಅರಮನೆ ಯಾಕೆ?

1309ರಲ್ಲಿ ಐದನೇ ಕ್ಲೆಮೆಂಟ್ ಅನ್ನೋ ಫ್ರೆಂಚ್ ಪೋಪ್ ರೋಮ್‌ನ ಗಲಾಟೆ, ಫ್ರಾನ್ಸ್ ರಾಜನ ಒತ್ತಡ ಎಲ್ಲಾ ಸೇರಿ ಇಲ್ಲಿಗೆ ಬಂದು ಕೂತ್ರು, 1377ರಲ್ಲಿ ರೋಮ್‌ಗೆ ವಾಪಸ್ ಹೋಗೋ ತನಕ ಏಳು ಜನ ಪೋಪ್‌ಗಳ ಆಡಳಿತ ನಡೆದಿದ್ದು ಈ ನದಿ ದಡದಲ್ಲೇ. ಅರಮನೆ ಹೊರಗಿಂದ ಕೋಟೆ ಥರ, ಒಳಗೆ ದೊಡ್ಡ ದೊಡ್ಡ ಖಾಲಿ ಹಜಾರ, ಗೈಡ್ ಇಲ್ಲದೆ ಹೋದ್ರೆ ಬೇಜಾರಾಗಬಹುದು. ಹತ್ರದಲ್ಲೇ ಸೇಂಟ್ ಬೆನೆಝೆ ಸೇತುವೆ ಇದೆ, 22 ಕಮಾನುಗಳಲ್ಲಿ ಉಳಿದಿರೋದು 4. ಪ್ರವಾಹ ಬಂದಾಗೆಲ್ಲ ಕೊಚ್ಚಿಹೋಗಿ, ಕಟ್ಟಿ ಕಟ್ಟಿ ಸಾಕಾಗಿ 17ನೇ ಶತಮಾನದಲ್ಲಿ ಕೈ ಬಿಟ್ರು. ಆಗಿನ ರೋನ್ ಎಂಥಾ ನದಿ ಅಂತ ಆ ಮುರಿದ ಸೇತುವೆ ನೋಡಿದ್ರೇ ಗೊತ್ತಾಗತ್ತೆ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಿಗೆ ಊಟ?

ಬುಕ್ ಮಾಡೋವಾಗಲೇ ಬರೆದು ತಿಳಿಸಿ, ಹಡಗು ಹತ್ತಿದ ಮೇಲೆ ಹೇಳಿದ್ರೆ ಕಷ್ಟ. ದಕ್ಷಿಣಕ್ಕೆ ಹೋದಷ್ಟೂ ಬದನೆ, ಟೊಮ್ಯಾಟೊ, ಆಲಿವ್ ಎಣ್ಣೆಯ ಅಡುಗೆ, ರಾತತೂಯ್ ಅಂತೂ ಪೂರಾ ತರಕಾರಿ. ಈರುಳ್ಳಿ ಸೂಪ್‌ಗೆ ಸಾಮಾನ್ಯವಾಗಿ ದನದ ಮೂಳೆ ಕುದಿಸಿದ ನೀರು ಹಾಕ್ತಾರೆ, ಅಲ್ಲಿನ ಹಳೇ ಪದ್ಧತಿಯ ಚೀಸ್‌ಗಳಲ್ಲಿ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರತ್ತೆ. ಇವೆರಡೂ ನೆನಪಿರಲಿ.

ಪ್ರಶ್ನೆ: ವೀಸಾ, ಟಿಪ್ಸ್?

ಶೆಂಗೆನ್ ವೀಸಾ ಬೇಕು. ದೊಡ್ಡವರಿಗೆ ಫೀಸ್ 90 ಯೂರೋ, ಕನಿಷ್ಠ 30,000 ಯೂರೋ ಮೊತ್ತದ ಮೆಡಿಕಲ್ ಇನ್ಶೂರೆನ್ಸ್ ಕಡ್ಡಾಯ, ಹೊರಡೋ 6 ತಿಂಗಳು ಮುಂಚಿಂದ ಅರ್ಜಿ ಹಾಕಬಹುದು. ಫ್ರಾನ್ಸಿನ ರೆಸ್ಟೋರೆಂಟ್ ಬಿಲ್‌ನಲ್ಲಿ ಸರ್ವಿಸ್ ಸೇರೇ ಇರತ್ತೆ, ಹಡಗಿನ ಟಿಪ್ಸ್ ಲೆಕ್ಕ ಬೇರೆ, ಪ್ಯಾಕೇಜ್‌ನಲ್ಲಿ ಸೇರಿದ್ಯಾ ಕೇಳಿ.

ಪ್ರಶ್ನೆ: ವಾರ ಪೂರ್ತಿ ಹಡಗಲ್ಲಿ ಬೋರ್ ಆಗಲ್ವಾ? ದಿನಾ ಎರಡೆರಡು ಎಕ್ಸ್‌ಕರ್ಷನ್ ಬುಕ್ ಮಾಡ್ಬಿಡ್ಲಾ?

ಬೇಡ! ದಿನಾ ಬಸ್ ಹತ್ತೋದಾದ್ರೆ ನದಿಗೆ ಯಾಕೆ ಹೋಗ್ಬೇಕು ಹೇಳಿ. ಲಿಯೋನ್‌ನಿಂದ ಸಮುದ್ರದವರೆಗೆ ರೋನ್ ಮೇಲೆ 12 ಲಾಕ್ ಇವೆ, ಲಾಕ್ ಅಂದ್ರೆ ಎರಡು ಗೇಟ್ ನಡುವೆ ನೀರು ಏರಿಸಿ ಇಳಿಸಿ ಹಡಗು ದಾಟಿಸೋ ದೊಡ್ಡ ತೊಟ್ಟಿ. ಬೊಲೆನ್ ಅನ್ನೋ ಕಡೆ ಒಂದೇ ಲಾಕ್‌ನಲ್ಲಿ ಹಡಗು ಸುಮಾರು 23 ಮೀಟರ್ ಇಳಿಯತ್ತೆ, ಇಡೀ ಹಡಗನ್ನ ಲಿಫ್ಟ್‌ನಲ್ಲಿಟ್ಟು ಇಳಿಸಿದ ಹಾಗೆ, ಎರಡೂ ಕಡೆ ಒದ್ದೆ ಗೋಡೆ ಮೇಲಕ್ಕೆ ಹೋಗ್ತಾ ಇರತ್ತೆ, ಆಕಾಶ ಒಂದು ಪಟ್ಟಿ ಆಗತ್ತೆ, ಆಮೇಲೆ ಮುಂದಿನ ಗೇಟ್ ತೆಗೀತಾರೆ. ಎಷ್ಟೋ ಟ್ರಿಪ್‌ಗಳಲ್ಲಿ ಇದನ್ನ ರಾತ್ರಿ ದಾಟ್ತಾರೆ, ಹಗಲು ದಾಟೋ ವೇಳಾಪಟ್ಟಿ ಇದ್ಯಾ ಅಂತ ಕೇಳಿ, ಬ್ರೋಷರ್‌ನಲ್ಲಿರೋ ಊಟದ ಫೋಟೋಗಿಂತ ಆ ವಿಷಯ ಮುಖ್ಯ.

ಬುಕ್ ಮಾಡಲೇಬೇಕು ಅಂದ್ರೆ ಎರಡು ಸಾಕು. ಒಂದು, ಸೋನ್ ಕಡೆ ಹೋಗೋ ಟ್ರಿಪ್ ಆದ್ರೆ ಬೋನ್ ಊರಿನ ಹಳೇ ಆಸ್ಪತ್ರೆ, 1443ರಲ್ಲಿ ಬಡವರಿಗೆ ಅಂತ ಕಟ್ಟಿಸಿದ್ದು, ಬಣ್ಣದ ಹೆಂಚಿನ ಛಾವಣಿ, ಜನ ದಾನ ಕೊಟ್ಟ ದ್ರಾಕ್ಷಿ ತೋಟಗಳೂ ಅದಕ್ಕಿವೆ, ಇವತ್ತಿಗೂ ಪ್ರತಿ ನವೆಂಬರ್‌ನಲ್ಲಿ ಆ ತೋಟಗಳ ವೈನ್ ಹರಾಜು ನಡೆಯತ್ತೆ, 1859ರಿಂದ ಇರೋ ಪದ್ಧತಿ. ಇನ್ನೊಂದು ಪೋಂ ದ್ಯು ಗಾರ್, ರೋಮನ್ನರ ನೀರಿನ ಸೇತುವೆ. ಲಿಯೋನ್, ಅವಿನ್ಯೋನ್, ಆರ್ಲ್ ಮೂರನ್ನೂ ನಿಮ್ಮ ಪಾಡಿಗೆ ನಡೆದು ನೋಡಿ. ವ್ಯಾನ್ ಗಾಗ್ 1888ರ ಫೆಬ್ರುವರಿಯಲ್ಲಿ ಆರ್ಲ್‌ಗೆ ಬಂದು, ಅದೇ ಶರತ್ಕಾಲದಲ್ಲಿ ಊರಾಚೆ ಕೊಯ್ಲು ಮುಗಿಯುತ್ತಾ ಬಂದ ಕೆಂಪು ದ್ರಾಕ್ಷಿ ತೋಟ ಬಿಡಿಸಿದ, ಬದುಕಿದ್ದಾಗ ಮಾರಾಟ ಆಯ್ತು ಅಂತ ಖಚಿತವಾಗಿ ಗೊತ್ತಿರೋ ಕೆಲವೇ ಚಿತ್ರಗಳಲ್ಲಿ ಅದೂ ಒಂದು. ಅವನು ಬಿಡಿಸಿದ ಜಾಗಗಳಲ್ಲಿ ಚಿತ್ರದ ಪ್ರತಿ ಇರೋ ಫಲಕ ನಿಲ್ಲಿಸಿದಾರೆ, ಟೂರಿಸ್ಟ್ ಆಫೀಸ್‌ನಲ್ಲಿ ಮ್ಯಾಪ್ ತಗೊಂಡು ಒಂದೊಂದೇ ಹುಡುಕ್ಕೊಂಡು ಹೋಗಿ, ಅರ್ಧ ದಿನ ಅದಕ್ಕೇ ಇಟ್ಕೊಳ್ಳಿ.