ಮೈನಸ್ 30 ಎಲ್ಲಿಂದ ಬಂತು?

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮ. ವಿಜ್ಞಾನದ ಹೋಂವರ್ಕ್‌ನಲ್ಲಿ ಒಂದು ಲೆಕ್ಕ: ನಿಮ್ನ ದರ್ಪಣದ (ಒಳಕ್ಕೆ ಬಾಗಿದ ಕನ್ನಡಿ) ಸಂಗಮದೂರ 15 ಸೆಂ.ಮೀ., ವಸ್ತು 10 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಅವಳಿಗೆ ಮೈನಸ್ 30 ಬಂತು. ಗೈಡ್‌ನಲ್ಲಿ ಪ್ಲಸ್ 30 ಇದೆ. ಸುಮ್ನೆ ಚಿಹ್ನೆ ತಿದ್ದಿಕೊಂಡಳು. ನಾನು ಪಿಯುಸಿಯಲ್ಲಿ ಆರ್ಟ್ಸ್ ಓದಿದವಳು. ಹೇಗೆ ಹೇಳಿಕೊಡಲಿ? ಪುಟದ ಫೋಟೊ ಜೊತೆಗಿದೆ.
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಪುಟವನ್ನು ಸಾಲು ಸಾಲಾಗಿ ನೋಡಿದೆ, ತಾಯಿ. ಮಗಳ ಭಿನ್ನರಾಶಿ ಲೆಕ್ಕ ಪೂರ್ತಿ ಸರಿ ಇದೆ. ತಪ್ಪಿರುವುದು ಮೊದಲ ಸಾಲಿನಲ್ಲಿ. ಅಲ್ಲಿ ಅವಳು ಯು (ವಸ್ತುವಿನ ದೂರ) = 10, ಎಫ್ (ಸಂಗಮದೂರ) = 15 ಎಂದು ಚಿಹ್ನೆಯಿಲ್ಲದೆ ಬರೆದಿದ್ದಾಳೆ. ಕೊನೆಗೆ ಮೈನಸ್ ಬಂದಾಗ ಪುಸ್ತಕದ ನಿಯಮ ನೆನಪಾಗಿ ‘ದರ್ಪಣದ ಮುಂದೆ, ಸತ್ಯ ಪ್ರತಿಬಿಂಬ’ (ಕಿರಣಗಳು ನಿಜವಾಗಿ ಸೇರಿ ಆಗುವ ಬಿಂಬ) ಎಂದಿದ್ದಾಳೆ. ಶುರುವಿನಲ್ಲಿ ಬಿಟ್ಟ ನಿಯಮವನ್ನು ಕೊನೆಯಲ್ಲಿ ಹಿಡಿದರೆ ಹೀಗೇ ಆಗುತ್ತದೆ.

ನಿಯಮ ಇಷ್ಟೇ. ದೂರವನ್ನು ದರ್ಪಣದ ಧ್ರುವದಿಂದ, ಅಂದರೆ ಅದರ ನಡುಬಿಂದುವಿನಿಂದ ಅಳೆಯಬೇಕು. ಬೆಳಕು ಬಂದು ಬೀಳುವ ದಿಕ್ಕಿನಲ್ಲಿ ಅಳೆದರೆ ಪ್ಲಸ್, ಅದಕ್ಕೆ ಎದುರಾಗಿ ಅಳೆದರೆ ಮೈನಸ್. ವಸ್ತುವೂ ಸಂಗಮ ಬಿಂದುವೂ (ಸಮಾಂತರ ಕಿರಣಗಳು ಪ್ರತಿಫಲಿಸಿ ಸೇರುವ ಜಾಗ, ಅದರ ದೂರವೇ ಸಂಗಮದೂರ) ದರ್ಪಣದ ಮುಂದೆಯೇ ಇವೆ. ಹಾಗಾಗಿ ಯು = –10, ಎಫ್ = –15. ಈಗ ಸೂತ್ರ (ವಿ ಎಂದರೆ ಪ್ರತಿಬಿಂಬದ ದೂರ): 1/ವಿ + 1/ಯು = 1/ಎಫ್. ಅಂದರೆ 1/ವಿ = –1/15 + 1/10 = (–2 + 3)/30 = 1/30. ವಿ = +30. ಪ್ರತಿಬಿಂಬ ದರ್ಪಣದ ಹಿಂದೆ 30 ಸೆಂ.ಮೀ. ದೂರದಲ್ಲಿದೆ, ಮಿಥ್ಯ. ಅಂದರೆ ಕಿರಣಗಳು ಅಲ್ಲಿಂದ ಬಂದಂತೆ ಕಾಣುತ್ತವೆ ಅಷ್ಟೇ. ವರ್ಧನೆ (ಪ್ರತಿಬಿಂಬ ವಸ್ತುವಿನ ಎಷ್ಟು ಪಟ್ಟು) ಎಂದರೆ –ವಿ/ಯು, ಅದು +3. ನೇರವಾಗಿದೆ, ಮೂರು ಪಟ್ಟು ದೊಡ್ಡದು. ಶೇವಿಂಗ್ ಕನ್ನಡಿಯಲ್ಲಿ ಮುಖ ದೊಡ್ಡದಾಗಿ ಕಾಣುವುದು ಹೀಗೇ.

ಮಗಳ ಪುಟದಲ್ಲೂ ವರ್ಧನೆ +3 ಬಂದಿದೆ, ಗಮನಿಸಿದಿರಾ? ಪ್ಲಸ್ ಎಂದರೆ ನೇರ. ಆದರೆ ಮೇಲಿನ ಸಾಲಿನಲ್ಲಿ ‘ಸತ್ಯ’ ಎಂದಿದ್ದಾಳೆ. ಒಂದೇ ದರ್ಪಣದಿಂದ ಬಂದ ಸತ್ಯ ಪ್ರತಿಬಿಂಬ ತಲೆಕೆಳಗಾಗಿಯೇ ಇರಬೇಕು. ಎರಡು ಸಾಲು ಒಂದಕ್ಕೊಂದು ಒಪ್ಪುತ್ತಿಲ್ಲ ಎಂಬುದು ಗೈಡ್ ತೆರೆಯದೆಯೇ ಅವಳಿಗೆ ಗೊತ್ತಾಗಬಹುದಿತ್ತು.

ನಾನು ತರಗತಿಯಲ್ಲಿ ಸೂತ್ರಕ್ಕೆ ಮೊದಲು ಚಿತ್ರ ಬರೆಸುತ್ತಿದ್ದೆ. ಈ ವಿಷಯದಲ್ಲಿ ನನಗೆ ಈಗಲೂ ಹಠ. ಗ್ರಾಫ್ ಹಾಳೆ ಕೊಡಿ. 5 ಸೆಂ.ಮೀ.ಗೆ 1 ಸೆಂ.ಮೀ. ಅಳತೆ ಇರಲಿ. ದರ್ಪಣಕ್ಕೆ ಒಂದು ನೆಟ್ಟನೆಯ ಗೆರೆ ಸಾಕು, ಬಾಗಿಸಿ ಬರೆದರೆ ಅಳತೆ ಸ್ವಲ್ಪ ತಪ್ಪುತ್ತದೆ. ಅದರ ಮುಂದೆ 2 ಸೆಂ.ಮೀ.ಗೆ ವಸ್ತು (1 ಸೆಂ.ಮೀ. ಎತ್ತರ), 3ಕ್ಕೆ ಸಂಗಮ ಬಿಂದು, 6ಕ್ಕೆ ವಕ್ರತಾ ಕೇಂದ್ರ (ದರ್ಪಣ ಯಾವ ಗೋಳದ ತುಂಡೋ ಅದರ ಕೇಂದ್ರ). ವಸ್ತುವಿನ ತುದಿಯಿಂದ ಅಕ್ಷಕ್ಕೆ (ಧ್ರುವ, ಸಂಗಮ ಬಿಂದು, ವಕ್ರತಾ ಕೇಂದ್ರಗಳನ್ನು ಸೇರಿಸುವ ಗೆರೆ) ಸಮಾಂತರವಾಗಿ ಹೋದ ಕಿರಣ ಸಂಗಮ ಬಿಂದುವಿನ ಮೂಲಕ ಹಿಂತಿರುಗುತ್ತದೆ. ವಕ್ರತಾ ಕೇಂದ್ರದ ಕಡೆಯಿಂದ ಬಂದು ಆ ತುದಿಯನ್ನು ಹಾಯುವ ಕಿರಣ ಬಂದ ದಾರಿಯಲ್ಲೇ ವಾಪಸ್. ಮುಂದೆ ಇವೆರಡೂ ದೂರ ದೂರ ಹೋಗುತ್ತವೆ, ಸೇರುವುದೇ ಇಲ್ಲ. ಚುಕ್ಕಿ ಗೆರೆಯಲ್ಲಿ ಹಿಂದಕ್ಕೆ ಬೆಳೆಸಿದರೆ ದರ್ಪಣದ ಹಿಂದೆ 6 ಸೆಂ.ಮೀ. ದೂರದಲ್ಲಿ, 3 ಸೆಂ.ಮೀ. ಎತ್ತರದಲ್ಲಿ ಸೇರುತ್ತವೆ. ಸೂತ್ರ ಮುಟ್ಟುವ ಮೊದಲೇ ಉತ್ತರ ಕಣ್ಣಿಗೆ ಬಿತ್ತು ಅಲ್ವಾ?

ನೀವು ವಿಜ್ಞಾನ ಓದಿಲ್ಲ ಎಂದು ಹಿಂದೆ ಸರಿಯಬೇಡಿ. ಲೆಕ್ಕ ಶುರು ಮಾಡುವಾಗ ಪಕ್ಕದಲ್ಲಿ ಕೂತು ‘ಇದು ಕನ್ನಡಿಯ ಯಾವ ಕಡೆ ಇದೆ? ಅದಕ್ಕೆ ಯಾವ ಚಿಹ್ನೆ?’ ಎಂದು ಕೇಳಿ. ಹೇಳಲು ತಡವರಿಸಿದರೆ ಚಿತ್ರಕ್ಕೆ ಮರಳಲಿ. ಗೈಡ್ ಉತ್ತರ ನೋಡಲಿ, ತೊಂದರೆಯಿಲ್ಲ. ಆದರೆ ಮುಚ್ಚಿಟ್ಟು, ಅಂಕಿ ಬದಲಿಸಿ ಇನ್ನೊಮ್ಮೆ ಮಾಡಬೇಕು. ಪರೀಕ್ಷೆಯಲ್ಲಿ ಹಂತಗಳಿಗೂ ಅಂಕ ಇದೆ, ಬರೀ ಉತ್ತರ ತಿದ್ದಿದರೆ ಅವು ಸಿಗುವುದಿಲ್ಲ.

ಇದೇ ದರ್ಪಣದ ಮುಂದೆ ವಸ್ತುವನ್ನು 20 ಸೆಂ.ಮೀ.ಗೆ ಸರಿಸಲು ಹೇಳಿ. ವಿ = –60, ವರ್ಧನೆ –3 ಬರಬೇಕು. ಮತ್ತೆ ಮೂರೇ ಪಟ್ಟು, ಆದರೆ ತಲೆಕೆಳಗು. ಏಕೆ ಎಂದು ಚಿತ್ರದಲ್ಲಿ ತೋರಿಸಲಿ. ಅದಾದ ಮೇಲೆ 15ಕ್ಕೆ ಇಟ್ಟು ನೋಡಲಿ. 1/ವಿ ಸೊನ್ನೆಯಾಗುತ್ತದೆ. ಆಗ ಎರಡು ಕಿರಣಗಳು ಹಾಳೆಯ ಮೇಲೆ ಹೇಗೆ ಹೋಗುತ್ತವೆ ಎಂದು ಅವಳೇ ನಿಮಗೆ ವಿವರಿಸಲಿ.