ನಿಂತು ನಿಂತು ಓಡುವ ಸರ್ವರ್: ದೋಷ ಕೇಬಲ್ಲಿನದೋ, ಡಿಸ್ಕಿನದೋ?

ಪ್ರಶ್ನೆ: ಗದಗ-ಬೆಟಗೇರಿಯ ನಮ್ಮ ಮುದ್ರಣಾಲಯದಲ್ಲಿ ವಿನ್ಯಾಸದ ಫೈಲುಗಳನ್ನು ಇಡಲು ಒಂದು ಲಿನಕ್ಸ್ ಸರ್ವರ್ ಇದೆ. 16 ಜಿಬಿ ರ‍್ಯಾಮ್, ಒಂದು ಹಾರ್ಡ್ ಡಿಸ್ಕ್, ಕಂಪ್ಯೂಟರುಗಳನ್ನು ಜೋಡಿಸುವ ಗಿಗಾಬಿಟ್ ಸ್ವಿಚ್. ಕ್ಯಾಲೆಂಡರಿನ ದೊಡ್ಡ ಫೈಲುಗಳನ್ನು ಸರ್ವರಿಗೆ ಹಾಕುವಾಗ ಮೊದಲ ಅರ್ಧ ನಿಮಿಷ ಸೆಕೆಂಡಿಗೆ 110 ಎಂಬಿ ವೇಗ ಸಿಗುತ್ತದೆ. ಆಮೇಲೆ ಒಮ್ಮೆಲೇ ಕುಸಿದು, ಸ್ವಲ್ಪ ಹೊತ್ತಿಗೆ ಏರಿ, ಮತ್ತೆ ಕುಸಿಯುತ್ತದೆ. ಸರ್ವರಿನಿಂದ ತೆಗೆದುಕೊಳ್ಳುವಾಗ ಈ ತೊಂದರೆ ಇಲ್ಲ. ಕೇಬಲ್ ಬದಲಿಸಿದೆವು, ಸ್ವಿಚ್ಚನ್ನೂ ಬದಲಿಸಿದೆವು. ಈಗ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಹಾಕಿಸಿರಿ ಎನ್ನುತ್ತಿದ್ದಾರೆ. ಹಾಕಿಸಬೇಕೆ?
— ಓದುಗರೊಬ್ಬರು, ಗದಗ

ಉತ್ತರ: ಸದ್ಯಕ್ಕೆ ಬೇಡ. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 110ರಿಂದ 117 ಎಂಬಿ ದೊರೆತರೆ ಅದು ಪೂರ್ಣ ವೇಗವೇ. ನಿಮಗೆ ಮೊದಲ ಅರ್ಧ ನಿಮಿಷ ಅದು ಸಿಗುತ್ತಿದೆ. ಕೇಬಲ್ಲಿನ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ಕೆಟ್ಟು ಸಂಪರ್ಕವು 100 ಮೆಗಾಬಿಟ್‌ಗೆ ಇಳಿದಿದ್ದರೆ ವೇಗವು 11 ಎಂಬಿಯ ಆಸುಪಾಸಿನಲ್ಲಿ ನಿಂತುಬಿಡುತ್ತಿತ್ತು, ಹೀಗೆ ಏರಿಳಿಯುತ್ತಿರಲಿಲ್ಲ. ತೆಗೆದುಕೊಳ್ಳುವಾಗಲೂ ಅದೇ ತೊಂದರೆ ಕಾಣುತ್ತಿತ್ತು. ಬರೆಯುವಾಗ ಮಾತ್ರ ಕುಸಿತವಿದೆ ಎಂಬ ನಿಮ್ಮ ಮಾತೇ ಇಲ್ಲಿ ಮುಖ್ಯ ಸುಳಿವು.

ಸರ್ವರಿಗೆ ಬಂದ ಫೈಲು ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ಸರ್ವರನ್ನು ನಡೆಸುವ ತಂತ್ರಾಂಶವಾದ ಲಿನಕ್ಸ್ ಅದನ್ನು ಮೊದಲು ರ‍್ಯಾಮಿನಲ್ಲಿ ಇರಿಸಿಕೊಂಡು, ಹಿಂದಿನಿಂದ ಡಿಸ್ಕಿಗೆ ಇಳಿಸುತ್ತಾ ಹೋಗುತ್ತದೆ. ಹೀಗೆ ಬಾಕಿ ಉಳಿಯುವ ಮಾಹಿತಿಯು ಲಭ್ಯ ರ‍್ಯಾಮಿನ ಶೇ. 20ನ್ನು, ಅಂದರೆ ನಿಮ್ಮಲ್ಲಿ ಸುಮಾರು 3 ಜಿಬಿಯನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಇರುವ ಮಿತಿ. ಜಾಲದಿಂದ 110 ಎಂಬಿ ಬರುತ್ತಿದ್ದು, ಡಿಸ್ಕ್ ಅದರ ಅರ್ಧದಷ್ಟನ್ನೇ ಬರೆಯಬಲ್ಲುದಾದರೆ, ಆ ಮಿತಿ ಅರ್ಧ-ಮುಕ್ಕಾಲು ನಿಮಿಷದಲ್ಲಿ ತುಂಬುತ್ತದೆ. ಆಗ ಲಿನಕ್ಸ್ ಕಳುಹಿಸುವವರನ್ನು ತಡೆದು ನಿಲ್ಲಿಸುತ್ತದೆ. ತುಂಬಿದ ತೊಟ್ಟಿಗೆ ಸಣ್ಣ ತೂಬಿದ್ದಂತೆ. ನೀರು ತರುವ ಪೈಪು ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ.

ಇದನ್ನು ನೀವೇ ಖಚಿತಪಡಿಸಿಕೊಳ್ಳಬಹುದು. ಐಪರ್ಫ್3 ಎಂಬ ಉಚಿತ ತಂತ್ರಾಂಶವು ಡಿಸ್ಕನ್ನು ಮುಟ್ಟದೆ ಜಾಲವನ್ನಷ್ಟೇ ಅಳೆಯುತ್ತದೆ. ಅದು ಸುಮ್ಮನೆ ಓಡಿಸಿದರೆ 10 ಸೆಕೆಂಡಿಗೆ ಮುಗಿಯುತ್ತದೆ. ನಿಮ್ಮ ಕುಸಿತ ಅರ್ಧ ನಿಮಿಷದ ನಂತರ ಬರುವುದರಿಂದ ಕನಿಷ್ಠ 120 ಸೆಕೆಂಡ್ ಓಡಿಸಿರಿ. ಆ ಎರಡು ನಿಮಿಷವೂ 940 ಮೆಗಾಬಿಟ್‌ನ ಸುತ್ತಮುತ್ತ (ಅಂದರೆ ಸುಮಾರು 117 ಎಂಬಿ) ಸ್ಥಿರವಾಗಿದ್ದರೆ ಕೇಬಲ್, ಸ್ವಿಚ್, ಕಾರ್ಡ್ ಮೂರೂ ನಿರ್ದೋಷಿಗಳು. ಬಳಿಕ ಫೈಲು ಹಾಕುತ್ತಾ, ರ‍್ಯಾಮಿನ ಲೆಕ್ಕ ತೋರಿಸುವ ಲಿನಕ್ಸ್ ಫೈಲಾದ ಮೆಮ್‌ಇನ್ಫೋದಲ್ಲಿ ‘ಡರ್ಟಿ’ ಎಂಬ, ಬಾಕಿ ಮಾಹಿತಿಯ ಸಾಲನ್ನು ಗಮನಿಸಿರಿ. ಆ ಅಂಕಿ ಏರುತ್ತಾ ಹೋಗಿ, ಒಂದು ಮಟ್ಟ ಮುಟ್ಟಿದ ಕ್ಷಣದಲ್ಲೇ ವೇಗ ಕುಸಿಯುವುದನ್ನು ಕಣ್ಣಾರೆ ಕಾಣುವಿರಿ. ಅದೇ ವೇಳೆ ಡಿಸ್ಕಿನ ಕೆಲಸವನ್ನು ಅಳೆಯುವ ಐಓಸ್ಟ್ಯಾಟ್ ನಿಮ್ಮ ಡಿಸ್ಕ್ ಶೇ. 100ರಷ್ಟು ನಿರತವಾಗಿದೆ ಎಂದರೆ ಅನುಮಾನಕ್ಕೆ ಎಡೆಯಿಲ್ಲ.

ಡಿಸ್ಕ್ ಏಕೆ ಇಷ್ಟು ನಿಧಾನ? ಅದು ಎಸ್‌ಎಂಆರ್ ಬಗೆಯದೇ ಎಂದು ಮಾದರಿ ಸಂಖ್ಯೆಯಿಂದ ನೋಡಿಕೊಳ್ಳಿರಿ. ಹೆಂಚುಗಳಂತೆ ಒಂದರ ಮೇಲೊಂದು ಸ್ವಲ್ಪ ಚಾಚಿಕೊಂಡ ಪಥಗಳಲ್ಲಿ ಬರೆಯುವ ಈ ಡಿಸ್ಕುಗಳು, ದೊಡ್ಡ ಫೈಲುಗಳನ್ನು ಬಿಡುವಿಲ್ಲದೆ ಬರೆದಾಗ ತೀರ ಸೊರಗುತ್ತವೆ. ಮುದ್ರಣಾಲಯದ ಸರ್ವರಿಗೆ ಅವು ಹೊಂದುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬಾಕಿ ಮಾಹಿತಿಯ ಮಿತಿಯನ್ನು 256 ಎಂಬಿಗೆ ಇಳಿಸಿದರೆ ಏರಿಳಿತ ಬಹುಮಟ್ಟಿಗೆ ತಗ್ಗುತ್ತದೆ, ಆದರೆ ಒಟ್ಟು ಸಮಯ ಉಳಿಯದು. ಸಮಯ ಉಳಿಯಬೇಕಾದರೆ ಸರ್ವರಿಗೆ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಿರಿ. ಒಳ್ಳೆಯದಾದರೆ ಗಿಗಾಬಿಟ್ ಜಾಲದಿಂದ ಬಂದುದನ್ನೆಲ್ಲ ಸಲೀಸಾಗಿ ಬರೆದುಕೊಳ್ಳುತ್ತದೆ. ನಡೆಯುತ್ತಿರುವ ಕೆಲಸದ ಫೈಲುಗಳನ್ನು ಅದರಲ್ಲಿಟ್ಟು, ಮುಗಿದವನ್ನು ರಾತ್ರಿ ಹಳೆಯ ಡಿಸ್ಕಿಗೆ ಸಾಗಿಸುವಂತೆ ಮಾಡಿಕೊಂಡರೆ ದೀಪಾವಳಿಯ ಮುಂಚಿನ ಕ್ಯಾಲೆಂಡರ್ ಗಡಿಬಿಡಿಯಲ್ಲಿ ಯಾರೂ ಕಾಯುತ್ತಾ ಕೂರಬೇಕಾಗಿಲ್ಲ. ಐಪರ್ಫ್3ರಲ್ಲಿಯೂ ಕುಸಿತ ಕಂಡುಬಂದರೆ ಮಾತ್ರ, ಅದರ ಅಂಕಿಗಳನ್ನು ಬರೆದು ಕಳುಹಿಸಿರಿ. ಆಗ ಜಾಲವನ್ನೇ ಪರೀಕ್ಷಿಸೋಣ.