ತೋಳಿನ ನೋವನ್ನು ನುಂಗಿಕೊಳ್ಳಬೇಡ, ತಂಗಿ

ಹೋದ ತಿಂಗಳು ಫ್ಲೂ ಲಸಿಕೆ ಹಾಕಿಸಿಕೊಂಡಾಗಿನಿಂದ ತೋಳು ಮೇಲೇಳುತ್ತಿಲ್ಲ, ಅಮೆರಿಕದಲ್ಲಿ ಇದಕ್ಕೆ ಪರಿಹಾರ ಕೊಡುತ್ತಾರಂತೆ ನಿಜವೇ, ವಕೀಲರಿಗೆ ಹಣ ಎಲ್ಲಿಂದ ತರುವುದು, ವೀಸಾಕ್ಕೆ ತೊಂದರೆಯಾದೀತೇ ಎಂದು ಕೇಳಿದ್ದೀಯ. ವೀಸಾದ ಮಾತು ಮೊದಲು: ಇಲ್ಲಿನ ಪೌರತ್ವ ಇಲ್ಲದವರೂ ಅರ್ಜಿ ಹಾಕಬಹುದು. ಲಸಿಕೆ ಇಲ್ಲೇ ಹಾಕಿಸಿಕೊಂಡಿದ್ದೀಯ, ಅಷ್ಟು ಸಾಕು.

ಪರಿಹಾರ ನಿಜ. 1986ರ ಕಾನೂನು, 1988ರಿಂದ ನಡೆಯುತ್ತಿದೆ. ಫ್ಲೂ ಲಸಿಕೆಯ ಪ್ರತಿ ಡೋಸ್‌ಗೆ 75 ಸೆಂಟ್ ತೆರಿಗೆ ಎತ್ತಿ ನಿಧಿಗೆ ಹಾಕುತ್ತಾರೆ. ಅರ್ಜಿ ವಾಷಿಂಗ್ಟನ್‌ನ ಫೆಡರಲ್ ಕ್ಲೇಮ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಸೂಜಿ ಚುಚ್ಚಿದವರ ತಪ್ಪನ್ನು ನೀನು ಸಾಬೀತು ಮಾಡಬೇಕಿಲ್ಲ. ಕೋರ್ಟು ಎಂದರೆ ನಮ್ಮ ಊರಿನವರಿಗೆ ಆಸ್ತಿ ಕರಗುವ ಜಾಗ. ಆ ಭಯ ಬೇಡ. ಅರ್ಜಿ ಪ್ರಾಮಾಣಿಕವಾಗಿದ್ದು ತಕ್ಕ ಆಧಾರವಿದ್ದರೆ, ಸೋತರೂ ವಕೀಲರ ಶುಲ್ಕ ಆ ನಿಧಿಯಿಂದಲೇ ಸಿಗುತ್ತದೆ. ನಿನ್ನ ಪರಿಹಾರದಲ್ಲಿ ಅವರು ಪಾಲು ಕೇಳುವಂತಿಲ್ಲ. (ಕೋವಿಡ್ ಲಸಿಕೆಗೆ ಬೇರೆಯೇ ವ್ಯವಸ್ಥೆ; ಅಲ್ಲಿ ಗಡುವು ಒಂದೇ ವರ್ಷ, ವಕೀಲರ ಖರ್ಚೂ ಸಿಗುವುದಿಲ್ಲ.)

ಈಗ ನನ್ನ ಕಥೆ. ತೀರ್ಥಹಳ್ಳಿಯಿಂದ ನ್ಯೂಜೆರ್ಸಿಗೆ ಬಂದ ಮರುವರ್ಷ, 2017ರ ಅಕ್ಟೋಬರ್‌ನಲ್ಲಿ, ಔಷಧಿ ಅಂಗಡಿಯೊಂದರಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡೆ. ಸೂಜಿ ಬಹಳ ಮೇಲೆ, ಭುಜದ ಮೂಳೆಯ ಹತ್ತಿರವೇ ಇಳಿಯಿತು. ಆ ರಾತ್ರಿಯೇ ನೋವು ಶುರುವಾಯಿತು. ವಾರಗಳು ಕಳೆದರೂ ಜಡೆ ಹೆಣೆದುಕೊಳ್ಳಲು ಕೈ ಬರಲಿಲ್ಲ. ಅಮ್ಮ ಫೋನಿನಲ್ಲಿ ಉಪ್ಪಿನ ಶಾಖ ಕೊಟ್ಟುಕೋ ಎಂದಳು, ಕೊಟ್ಟುಕೊಂಡೆ. ವೈದ್ಯರ ಬಿಲ್ಲಿಗೆ ಹೆದರಿ ಹೋಗಲಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ನೋವನ್ನು ಹೇಗೆ ನುಂಗಿಕೊಳ್ಳುತ್ತಾರೆಂಬುದು ನಿನಗೂ ಗೊತ್ತು.

ಲಸಿಕೆಯಿಂದಾಗುವ ಭುಜದ ಗಾಯವನ್ನು ಪರಿಹಾರದ ಪಟ್ಟಿಗೆ ಸೇರಿಸಿದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ನನಗೆ ತಿಳಿದದ್ದು 2021ರಲ್ಲಿ, ಸಹೋದ್ಯೋಗಿಯೊಬ್ಬರ ಬಾಯಿಂದ. ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು, ಗಡುವು ಮುಗಿದುಹೋಗಿತ್ತು. ಮುಗಿಯದಿದ್ದರೂ ತೋರಿಸಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಹಣ ಹೋದದ್ದಕ್ಕಿಂತ, ಮಗಳು ಎತ್ತಿಕೋ ಎಂದು ಕೈ ಚಾಚಿದಾಗಲೆಲ್ಲ ಬಲಗೈ ಹಿಂದಕ್ಕೆ ಸರಿಸಿಕೊಂಡ ಆ ಎರಡು ವರ್ಷ ಇಂದಿಗೂ ನೋಯಿಸುತ್ತವೆ. ಸಕಾಲದಲ್ಲಿ ಚಿಕಿತ್ಸೆ ಪಡೆದಿದ್ದರೆ ಅಷ್ಟು ದಿನ ಹಿಡಿಯುತ್ತಿರಲಿಲ್ಲವೇನೋ.

ಲಸಿಕೆಯನ್ನು ನಾನು ಬಿಟ್ಟಿಲ್ಲ, ಪ್ರತಿವರ್ಷ ಹಾಕಿಸಿಕೊಳ್ಳುತ್ತೇನೆ. ಆದರೆ ತೋಳಿನ ಬಟ್ಟೆಯನ್ನು ಭುಜದವರೆಗೆ ಪೂರ್ತಿ ಸರಿಸಿ ಕುಳಿತು, ಭುಜದಿಂದ ಕೆಳಗೆ ಚುಚ್ಚಿ ಎಂದು ಬಾಯಿಬಿಟ್ಟು ಹೇಳುತ್ತೇನೆ.

ನೀನು ನಾಳೆಯೇ ವೈದ್ಯರ ಬಳಿ ಹೋಗು. ಯಾವ ದಿನ, ಯಾವ ಕೈಗೆ ಚುಚ್ಚಿದರು, ನೋವು ಯಾವ ಹೊತ್ತಿಗೆ ಶುರುವಾಯಿತು ಎಂಬುದನ್ನು ಬರೆಸು. ಪಟ್ಟಿಯ ಪ್ರಕಾರ ನೋವು 48 ಗಂಟೆಯೊಳಗೆ ಕಾಣಿಸಿಕೊಂಡಿರಬೇಕು; ತೊಂದರೆ ಆರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು. ಅಂಗಡಿಯವರು ಕೊಟ್ಟ ರಸೀದಿಯನ್ನು ಎಸೆಯಬೇಡ. ಶಾಖವನ್ನು ವೈದ್ಯರನ್ನು ಕಂಡು ಬಂದ ಮೇಲೆ ಕೊಟ್ಟುಕೊಳ್ಳುವೆಯಂತೆ.